ಹಳೆಯ ದೇವತೆಗಳ ಕಥೆಯನ್ನು ಉಳಿಸಿದ ಕ್ರೈಸ್ತ: ಸ್ನೋರಿ ಸ್ಟುರ್ಲುಸನ್

ನಮ್ಮ ಮನೆಗಳ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನ ಇಂಗ್ಲಿಷ್ ವಾರಗಳ ಹೆಸರುಗಳಲ್ಲಿ ಉತ್ತರ ಯುರೋಪಿನ ನಾಲ್ವರು ಪುರಾತನ ದೇವತೆಗಳು ಅಡಗಿ ಕುಳಿತಿದ್ದಾರೆ. ಟ್ಯೂಸ್‌ಡೇ ಯುದ್ಧದೇವತೆ ಟೀರ್‌ನ ದಿನ. ವೆಡ್ನೆಸ್‌ಡೇ ದೇವತೆಗಳ ಒಡೆಯ ಓಡಿನ್‌ನ ದಿನ. ಥರ್ಸ್‌ಡೇ ಗುಡುಗಿನ ದೇವತೆ ಥಾರ್‌ನ ದಿನ. ಫ್ರೈಡೇ ಓಡಿನ್‌ನ ಪತ್ನಿ ಫ್ರಿಗ್‌ಳ ದಿನ. ನಾವು ಮಂಗಳ, ಬುಧ, ಗುರು, ಶುಕ್ರರ ಹೆಸರಿನಿಂದ ಕರೆಯುವ ವಾರಗಳನ್ನೇ ಆ ಜನರು ತಮ್ಮ ದೇವತೆಗಳ ಹೆಸರಿನಿಂದ ಕರೆದರು. ಸೋಜಿಗದ ಸಂಗತಿಯೆಂದರೆ, ಈ ದೇವತೆಗಳ ಕಥೆಗಳನ್ನು ಬೇರೆಲ್ಲ ನಾಡುಗಳಿಗಿಂತ ಚೆನ್ನಾಗಿ ಕಾಪಾಡಿಕೊಂಡು ಬಂದ ಐಸ್‌ಲ್ಯಾಂಡ್ ದ್ವೀಪದಲ್ಲಿ ಈ ಹೆಸರುಗಳೇ ಬಳಕೆಯಲ್ಲಿಲ್ಲ. 1106ರಿಂದ 1121ರವರೆಗೆ ಹೋಲಾರ್ ಧರ್ಮಪ್ರಾಂತದ ಮೊದಲ ಬಿಷಪರಾಗಿದ್ದ ಸಂತ ಯೋನ್ ಓಗ್ಮುಂಡ್ಸನ್ ಅವರು ದೇವತೆಗಳ ಹೆಸರಿನ ವಾರಗಳನ್ನು ತ್ಯಜಿಸುವಂತೆ ಜನರಿಗೆ ಬೋಧಿಸಿದರೆಂದು ಅವರ ಚರಿತ್ರೆ ತಿಳಿಸುತ್ತದೆ. ಇಂದಿಗೂ ಆ ದೇಶದ ಜನರು ಈ ನಾಲ್ಕು ದಿನಗಳನ್ನು ಮೂರನೆಯ ದಿನ, ನಡುವಾರದ ದಿನ, ಐದನೆಯ ದಿನ ಮತ್ತು ಉಪವಾಸದ ದಿನ ಎಂದೇ ಕರೆಯುತ್ತಾರೆ.

ವಾರದ ಹೆಸರಿನಿಂದಲೂ ಹೊರದೂಡಲ್ಪಟ್ಟ ಆ ದೇವತೆಗಳಿಗೆ ಪುಸ್ತಕದಲ್ಲಿ ಶಾಶ್ವತ ಸ್ಥಾನ ಕೊಟ್ಟವನು ಅದೇ ನಾಡಿನ ಮತ್ತೊಬ್ಬ ಕ್ರೈಸ್ತ. ಅವನೇ ಸ್ನೋರಿ ಸ್ಟುರ್ಲುಸನ್. ಓಡಿನ್, ಥಾರ್, ಲೋಕಿ ಮೊದಲಾದವರ ಬಗ್ಗೆ ಜಗತ್ತು ಇಂದು ತಿಳಿದಿರುವುದರಲ್ಲಿ ಬಹುಭಾಗ ಬಂದದ್ದು ಈತನ ಲೇಖನಿಯಿಂದ. ಈತ ಸಂತನಲ್ಲ. ಹಣದಾಸೆ, ಅಧಿಕಾರದಾಸೆಗಳು ಈತನನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ ಈತನ ಜೀವನವನ್ನು ಕ್ರೈಸ್ತರಾದ ನಾವು ಅರಿಯುವುದು ಉಚಿತ.

ಒಂದೇ ಕಾನೂನು, ಒಂದೇ ಧರ್ಮ

ಸ್ನೋರಿ ಹುಟ್ಟುವುದಕ್ಕೆ ಸುಮಾರು 180 ವರ್ಷಗಳ ಹಿಂದೆ, ಅಂದರೆ 1000ನೇ ಇಸವಿಯ ಸುಮಾರಿಗೆ, ಐಸ್‌ಲ್ಯಾಂಡ್ ಕ್ರೈಸ್ತ ಧರ್ಮವನ್ನು ಸ್ವೀಕರಿಸಿತು. ಆ ನಾಡಿಗೆ ರಾಜನಿರಲಿಲ್ಲ. ವರ್ಷಕ್ಕೊಮ್ಮೆ ಬಯಲಿನಲ್ಲಿ ಸೇರುತ್ತಿದ್ದ ಆಲ್ಥಿಂಗ್ ಎಂಬ ಮಹಾಸಭೆಯೇ ಕಾನೂನನ್ನು ನಿರ್ಣಯಿಸುತ್ತಿತ್ತು. ಅತ್ತ ನಾರ್ವೆಯ ದೊರೆ ಓಲಾವ್ ಟ್ರಿಗ್ವಾಸನ್ ಮತಾಂತರಕ್ಕೆ ಒತ್ತಾಯಿಸುತ್ತಿದ್ದನು. ಇತ್ತ ಕ್ರೈಸ್ತರೂ ಹಳೆಯ ಮತದವರೂ ಶಸ್ತ್ರ ಹಿಡಿದು ಎದುರುಬದುರಾಗಿ ನಿಂತಿದ್ದರು. ತೀರ್ಪನ್ನು ಕಾನೂನು ನುಡಿಯುವ ಅಧಿಕಾರಿ ಥೋರ್ಗೇರ್‌ಗೆ ಬಿಡಲಾಯಿತು. ಅವನು ಸ್ವತಃ ಹಳೆಯ ಮತದವನಾಗಿದ್ದನು. ಒಂದು ಹಗಲು, ಒಂದು ರಾತ್ರಿ ಕಂಬಳಿ ಹೊದ್ದು ಮೌನವಾಗಿ ಮಲಗಿದ ಬಳಿಕ ಎದ್ದು, ಕಾನೂನು ಒಡೆದರೆ ಶಾಂತಿಯೂ ಒಡೆಯುವುದೆಂದು ಹೇಳಿ, ಎಲ್ಲರೂ ಜ್ಞಾನಸ್ನಾನ ಪಡೆಯಬೇಕೆಂದು ತೀರ್ಪಿತ್ತನು. ಗುಟ್ಟಾಗಿ ಹಳೆಯ ದೇವತೆಗಳಿಗೆ ಬಲಿ ಕೊಡುವುದಕ್ಕೆ, ಕುದುರೆಯ ಮಾಂಸ ತಿನ್ನುವುದಕ್ಕೆ ಮತ್ತು ಹಸುಗೂಸುಗಳನ್ನು ಬಯಲಲ್ಲಿ ಬಿಟ್ಟುಬಿಡುವ ಕ್ರೂರ ಪದ್ಧತಿಗೆ ಕೊಟ್ಟ ವಿನಾಯಿತಿಗಳು ಕೆಲವೇ ವರ್ಷಗಳಲ್ಲಿ ರದ್ದಾದವು.

ಹೀಗೆ ರಕ್ತಪಾತವಿಲ್ಲದೆ ನಡೆದ ಮತಾಂತರದ ಫಲವಾಗಿ ಹಳೆಯ ಹಾಡುಗಳು ಜನರ ನಾಲಿಗೆಯಲ್ಲಿ ಉಳಿದುಕೊಂಡವು. ಧರ್ಮಸಭೆಯೊಡನೆ ಬಂದ ಲ್ಯಾಟಿನ್ ಅಕ್ಷರಗಳು, ಚರ್ಮದ ಹಾಳೆಗಳು ಮತ್ತು ಪಾಠಶಾಲೆಗಳು ಆ ಹಾಡುಗಳನ್ನು ಬರೆದಿಡುವ ಸಾಧನಗಳನ್ನು ಒದಗಿಸಿದವು. ಹಳೆಯ ಮತದವರು ಕಲ್ಲಿನ ಮೇಲೆ, ಮರದ ಮೇಲೆ ರೂನ್ ಅಕ್ಷರಗಳನ್ನು ಕೆತ್ತುತ್ತಿದ್ದರೇ ಹೊರತು ಗ್ರಂಥಗಳನ್ನು ಬರೆದವರಲ್ಲ.

ಚೂರಿಯೇಟಿನಿಂದ ಒದಗಿದ ವಿದ್ಯೆ

ಸ್ನೋರಿ 1179ರಲ್ಲಿ ಪಶ್ಚಿಮ ಐಸ್‌ಲ್ಯಾಂಡಿನ ಹ್ವಮ್ಮುರ್ ಎಂಬಲ್ಲಿ ಜನಿಸಿದನು. ತಂದೆ ಸ್ಟುರ್ಲ ಥೋರ್ಡಾರ್ಸನ್ ಜಗಳಗಂಟ ನಾಯಕನೆಂದು ಹೆಸರಾದವನು, ತಾಯಿ ಗುಡ್ನಿ. ಮಗು ಎರಡು ಮೂರು ವರ್ಷದ್ದಾಗಿದ್ದಾಗ ತಂದೆಗೂ ರೇಕ್‌ಹೋಲ್ಟ್‌ನ ಯಾಜಕ ಪೌಲ್ ಸೋಲ್ವಾಸನ್‌ಗೂ ಆಸ್ತಿಯ ವ್ಯಾಜ್ಯ ಹುಟ್ಟಿತು. ಸಂಧಾನಸಭೆಯಲ್ಲಿ ಮಾತು ಲಂಬಿಸಿದಾಗ ಸಹನೆಗೆಟ್ಟ ಯಾಜಕನ ಪತ್ನಿ ಥೋರ್ಬ್ಯೋರ್ಗ್ ಚೂರಿ ಹಿಡಿದು ಸ್ಟುರ್ಲನ ಕಣ್ಣಿಗೆ ಗುರಿಯಿಟ್ಟಳು. ಅವನು ಹೋಲಲು ಹಂಬಲಿಸುವ ಒಕ್ಕಣ್ಣ ಓಡಿನ್‌ನಂತೆಯೇ ಅವನನ್ನು ಮಾಡಿಬಿಡುವೆನೆಂದು ಅವಳು ಅಣಕಿಸಿದಳಂತೆ. ಚೂರಿ ಕಣ್ಣಿಗೆ ತಾಗದೆ ಕೆನ್ನೆಯನ್ನು ಸೀಳಿತು. (ಯಾಜಕರ ಬ್ರಹ್ಮಚರ್ಯದ ನಿಯಮ ಆ ದೂರದ ದ್ವೀಪದಲ್ಲಿ ಆಗಿನ್ನೂ ಬೇರೂರಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.) ಮತಾಂತರವಾಗಿ ಎರಡು ಶತಮಾನ ಕಳೆಯುತ್ತ ಬಂದರೂ ಯಾಜಕನ ಮನೆಯಾಕೆಯ ಬಾಯಲ್ಲಿ ಓಡಿನ್‌ನ ಹೆಸರು ಎಷ್ಟು ಸಲೀಸಾಗಿ ಬಂದಿತೆಂಬುದು ವಿಚಾರಾರ್ಹ.

ಗಾಯಕ್ಕೆ ಸ್ಟುರ್ಲ ಕೇಳಿದ ದಂಡ ಅತಿಯಾಯಿತು. ಆಗ ದೇಶದ ಅತ್ಯಂತ ಗೌರವಾನ್ವಿತ ನಾಯಕನಾದ ಯೋನ್ ಲಾಫ್ಟ್ಸನ್ ಮಧ್ಯಸ್ಥಿಕೆ ವಹಿಸಿ ದಂಡವನ್ನು ಇಳಿಸಿದನು. ಸ್ಟುರ್ಲನ ಸಮಾಧಾನಕ್ಕಾಗಿ ಅವನ ಕಿರಿಯ ಮಗನನ್ನು ತನ್ನ ಮನೆಯಲ್ಲಿ ಸಾಕಿ ಬೆಳೆಸುವೆನೆಂದು ಒಪ್ಪಿಕೊಂಡನು. ಹೀಗೆ ಸ್ನೋರಿ ಹೋಗಿ ಸೇರಿದ್ದು ಓಡ್ಡಿ ಎಂಬ ಮನೆತನಕ್ಕೆ. ಯೋನ್‌ನ ಅಜ್ಜ, ಯಾಜಕನೂ ಮಹಾ ವಿದ್ವಾಂಸನೂ ಆಗಿದ್ದ ಸೇಮುಂಡ್‌ನ ಕಾಲದಿಂದ ಓಡ್ಡಿ ವಿದ್ಯೆಯ ನೆಲೆಯಾಗಿತ್ತು. ಲ್ಯಾಟಿನ್ ಪಾಠ, ಕಾನೂನು, ರಾಜರ ವಂಶಾವಳಿ ಮತ್ತು ಹಳೆಯ ಕಾವ್ಯ ಅಲ್ಲಿ ಒಂದೇ ಸೂರಿನಡಿ ಇದ್ದವು.

ಅದೇ ಓಡ್ಡಿಯಲ್ಲಿ ಬಾಲ್ಯದಲ್ಲಿ ವ್ಯಾಸಂಗ ಮಾಡಿದ ಇನ್ನೊಬ್ಬರು ಸಂತ ಥೋರ್ಲಾಕರು. ಸ್ಕಾಲ್‌ಹೋಲ್ಟ್‌ನ ಬಿಷಪರಾದ ಅವರು, ದೇವಾಲಯಗಳ ಆಸ್ತಿ ಧರ್ಮಸಭೆಯ ಅಧೀನದಲ್ಲಿರಬೇಕೆಂದು ನಾಯಕರೊಡನೆ ಹೋರಾಡಿದರು. ಅವರನ್ನು ಬಲವಾಗಿ ಎದುರಿಸಿದವನು ಇದೇ ಯೋನ್ ಲಾಫ್ಟ್ಸನ್. ವಿವಾಹಿತನಾಗಿದ್ದ ಯೋನ್, ಬಿಷಪರ ಸ್ವಂತ ಸಹೋದರಿ ರಾಗ್ನೇಡ್‌ಳೊಡನೆ ಸಂಬಂಧ ಬೆಳೆಸಿದ್ದುದು ಆ ಕಲಹವನ್ನು ಇನ್ನಷ್ಟು ಕಹಿಯಾಗಿಸಿತು. ಥೋರ್ಲಾಕರು 1193ರಲ್ಲಿ ನಿಧನ ಹೊಂದಿದರು. ಪೋಪ್ ದ್ವಿತೀಯ ಜಾನ್ ಪಾಲ್ ಅವರು 1984ರಲ್ಲಿ ಅವರನ್ನು ಐಸ್‌ಲ್ಯಾಂಡಿನ ಪಾಲಕ ಸಂತರೆಂದು ಘೋಷಿಸಿದರು. ಬಿಷಪರ ನಿಷ್ಠೆ ಒಂದು ಕಡೆ, ಸಾಕುತಂದೆಯ ವೈಭವ ಇನ್ನೊಂದು ಕಡೆ. ಬೆಳೆಯುವ ಹುಡುಗ ಸ್ನೋರಿಯ ಮುಂದೆ ಈ ಎರಡು ಮಾದರಿಗಳಿದ್ದವು. ಮುಂದೆ ಅವನು ಅನುಸರಿಸಿದ್ದು ಸಾಕುತಂದೆಯ ದಾರಿಯನ್ನು.

ಸಂಪತ್ತಿನ ಮೆಟ್ಟಿಲುಗಳು

1199ರಲ್ಲಿ ಸ್ನೋರಿ ಶ್ರೀಮಂತ ಬೆರ್ಸಿಯ ಮಗಳು ಹೆರ್ಡಿಸ್‌ಳನ್ನು ವಿವಾಹವಾದನು. ಮಾವನ ಆಸ್ತಿಯೂ ನಾಯಕತ್ವವೂ ಅವನ ಕೈಸೇರಿದವು. ಆದರೆ 1206ರ ಸುಮಾರಿಗೆ ಪತ್ನಿಯನ್ನು ಬೋರ್ಗ್‌ನಲ್ಲೇ ಬಿಟ್ಟು, ಒಂದು ಕಾಲಕ್ಕೆ ತನ್ನ ತಂದೆಯ ವೈರಿ ಯಾಜಕನಾಗಿದ್ದ ರೇಕ್‌ಹೋಲ್ಟ್‌ಗೇ ಹೋಗಿ ನೆಲೆಸಿದನು. ಬೇರೆ ಬೇರೆ ಸ್ತ್ರೀಯರಲ್ಲಿ ಅವನಿಗೆ ಮಕ್ಕಳಾದರು. ಹೆಣ್ಣುಮಕ್ಕಳನ್ನು ಪ್ರಬಲ ನಾಯಕರಿಗೆ ಕೊಟ್ಟು ಬಲ ಹೆಚ್ಚಿಸಿಕೊಂಡನು. 1215ರಿಂದ 1218ರವರೆಗೂ ಮತ್ತೆ 1222ರಿಂದ 1231ರವರೆಗೂ ಆಲ್ಥಿಂಗ್‌ನ ಕಾನೂನು ನುಡಿಯುವ ಉನ್ನತ ಹುದ್ದೆಯಲ್ಲಿದ್ದನು. 1224ರಲ್ಲಿ ನಾಡಿನ ಅತ್ಯಂತ ಶ್ರೀಮಂತ ವಿಧವೆ ಹಾಲ್ವೇಗ್‌ಳೊಡನೆ ಆಸ್ತಿಯನ್ನು ಒಗ್ಗೂಡಿಸಿ ಬಾಳತೊಡಗಿದನು.

ಈ ನಡುವೆ 1218ರಿಂದ 1220ರವರೆಗೆ ನಾರ್ವೆಯಲ್ಲಿದ್ದು, ಬಾಲರಾಜ ಹಾಕೊನ್ ಮತ್ತು ಅವನ ಪರವಾಗಿ ಆಳುತ್ತಿದ್ದ ಸ್ಕೂಲಿಯ ಮೆಚ್ಚುಗೆ ಗಳಿಸಿದನು. ವ್ಯಾಪಾರದ ಜಗಳದಿಂದ ಕೆರಳಿದ ನಾರ್ವೆ, ಐಸ್‌ಲ್ಯಾಂಡಿನ ಮೇಲೆ ದಂಡೆತ್ತಿ ಹೋಗಲು ಸಿದ್ಧವಾಗಿದ್ದಾಗ ಸ್ನೋರಿ ಅದನ್ನು ತಡೆದನು. ಪ್ರತಿಯಾಗಿ, ತನ್ನ ಜನರು ರಾಜನಿಗೆ ವಿಧೇಯರಾಗುವಂತೆ ಮಾತಿನಿಂದಲೇ ಒಲಿಸುವೆನೆಂದು ವಚನವಿತ್ತನು. ಊರಿಗೆ ಮರಳಿದ ಮೇಲೆ ಆ ವಚನವನ್ನು ನಡೆಸಲು ಅವನು ಹೆಚ್ಚೇನೂ ಶ್ರಮಿಸಲಿಲ್ಲ. ಮುಂದೆ ಪ್ರಾಣಕ್ಕೆ ಎರವಾದದ್ದು ಈ ವಚನವೇ.

ಎಡ್ಡ: ಕವಿಗಳ ಕೈಪಿಡಿ

ನಾರ್ವೆಯಿಂದ ಮರಳಿದ ಸುಮಾರಿಗೆ ಸ್ನೋರಿ ಎಡ್ಡ ಎಂಬ ಗ್ರಂಥವನ್ನು ರಚಿಸಿದನು. ಅದು ಪೂಜೆಯ ಗ್ರಂಥವಲ್ಲ, ಕಾವ್ಯದ ಪಾಠ. ಹಳೆಯ ಆಸ್ಥಾನಕವಿಗಳು ಬಂಗಾರವನ್ನು ಬಂಗಾರವೆನ್ನದೆ ಸಿಫ್ ದೇವಿಯ ಕೂದಲು ಎಂದೋ ಫ್ರೇಯಾ ದೇವಿಯ ಕಣ್ಣೀರು ಎಂದೋ ಗೂಢವಾಗಿ ಹೇಳುತ್ತಿದ್ದರು. ಲೋಕಿಯು ಸಿಫ್‌ಳ ಕೂದಲು ಕತ್ತರಿಸಿದ್ದು, ಕುಬ್ಜರು ಬಂಗಾರದ ಕೂದಲು ಮಾಡಿಕೊಟ್ಟದ್ದು ತಿಳಿಯದವನಿಗೆ ಆ ಪದ್ಯ ಅರ್ಥವಾಗದು. ಹಳೆಯ ಕಥೆಗಳು ಮರೆತರೆ ಕಾವ್ಯವೇ ಸಾಯುವುದೆಂದು ಸ್ನೋರಿ ಅಂಜಿದನು.

ಆದರೆ ಅವನು ಕಥೆ ಆರಂಭಿಸಿದ ಬಗೆ ನೋಡಿ. ಗ್ರಂಥದ ಮುನ್ನುಡಿ ತೊಡಗುವುದು ಸರ್ವಶಕ್ತ ದೇವರು ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಿದ ವಿಚಾರದಿಂದ. ಆದಾಮ, ಏವ, ನೋಹನ ಜಲಪ್ರಳಯದಿಂದ. ಕಾಲಕ್ರಮದಲ್ಲಿ ಮನುಷ್ಯರು ದೇವರ ಹೆಸರನ್ನೇ ಮರೆತರೂ, ಜಗತ್ತಿನ ಕ್ರಮವನ್ನು ಕಂಡು ಇದಕ್ಕೊಬ್ಬ ಒಡೆಯನಿರಬೇಕೆಂದು ಊಹಿಸಿದರೆಂದು ಅವನು ವಿವರಿಸುತ್ತಾನೆ. ಓಡಿನ್ ಮತ್ತು ಅವನ ಬಳಗ ಏಷ್ಯಾದ ಟ್ರಾಯ್ ನಗರದ ಕಡೆಯಿಂದ ಬಂದ ರಾಜರು, ಜನರು ಅವರನ್ನು ದೇವತೆಗಳೆಂದು ಭ್ರಮಿಸಿದರು ಎಂಬುದು ಅವನ ವಾದ. ಕ್ರೈಸ್ತರು ಈ ದೇವತೆಗಳನ್ನು ನಂಬಬಾರದೆಂದೂ, ಆದರೆ ಕವಿಗಳು ಅವರ ಕಥೆಗಳನ್ನು ಮರೆಯಬಾರದೆಂದೂ ಅವನು ಎಚ್ಚರಿಸುತ್ತಾನೆ. ಕ್ರಿಸ್ತನನ್ನು ಕಾವ್ಯದಲ್ಲಿ ಯಾವ ಯಾವ ಬಿರುದುಗಳಿಂದ ಕರೆಯಬಹುದೆಂಬ ಪಾಠವೂ ಅದೇ ಪುಸ್ತಕದಲ್ಲಿದೆ.

ಕಥೆಗಳ ಒಳಗೂ ಕ್ರೈಸ್ತ ಶಿಕ್ಷಣದ ನೆರಳು ಬಿದ್ದಿದೆ. ಪ್ರಶ್ನೆ ಕೇಳಲು ಬಂದ ರಾಜ ಗಿಲ್ವಿಗೆ ಮೂರು ಆಸನಗಳಲ್ಲಿ ಕುಳಿತ ಮೂವರು ಉತ್ತರಿಸುತ್ತಾರೆ. ಅವರ ಹೆಸರು ಉನ್ನತ, ಅಷ್ಟೇ ಉನ್ನತ ಮತ್ತು ಮೂರನೆಯವನು. ಇದರಲ್ಲಿ ತ್ರಿತ್ವದ ಅಣಕುರೂಪವನ್ನು ಕಂಡ ವಿದ್ವಾಂಸರಿದ್ದಾರೆ. ಸರ್ವಪಿತನು ಮನುಷ್ಯನಿಗೆ ಎಂದೂ ನಾಶವಾಗದ ಆತ್ಮವನ್ನು ಕೊಟ್ಟನೆಂದೂ, ನೀತಿವಂತರು ಅವನೊಡನೆ ಗಿಮ್ಲೆ ಎಂಬಲ್ಲಿ ಬಾಳುವರೆಂದೂ, ದುಷ್ಟರು ಹೆಲ್ ಎಂಬ ಪಾತಾಳಕ್ಕೆ ಹೋಗುವರೆಂದೂ ಅಲ್ಲಿ ಹೇಳಿದೆ. ದೈತ್ಯ ಯಿಮಿರ್‌ನ ರಕ್ತದ ಪ್ರವಾಹದಲ್ಲಿ ದೈತ್ಯಕುಲವೆಲ್ಲ ಮುಳುಗಿ, ಒಬ್ಬನು ಮಾತ್ರ ತನ್ನ ಮನೆಯವರೊಡನೆ ಪಾರಾಗುತ್ತಾನೆ. ನೋಹನ ಕಥೆ ಓದಿದವರಿಗೆ ಇದು ಅಪರಿಚಿತವೆನಿಸದು.

ಹಾಗೆಂದು ಎಲ್ಲವೂ ಬೈಬಲ್ಲಿನಿಂದ ಬಂದದ್ದೆಂದು ಹೇಳಲಾಗದು. 1880ರ ದಶಕದಲ್ಲಿ ನಾರ್ವೆಯ ವಿದ್ವಾಂಸ ಸೋಫುಸ್ ಬುಗ್ಗೆ, ನಿರಪರಾಧಿ ಬಾಲ್ಡರ್‌ನ ಮರಣವೂ ಓಡಿನ್ ಮರದಲ್ಲಿ ಈಟಿಯ ಗಾಯದೊಡನೆ ಒಂಬತ್ತು ರಾತ್ರಿ ತೂಗಾಡಿದ ಕಥೆಯೂ ಕ್ರಿಸ್ತನ ಯಾತನೆಯ ಪ್ರತಿಧ್ವನಿಗಳೆಂದು ವಾದಿಸಿದರು. ಅನಂತರದ ಸಂಶೋಧಕರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಬಾಲ್ಡರ್‌ನ ಶವಸಂಸ್ಕಾರದ ಚಿತ್ರವನ್ನು ಮತಾಂತರಕ್ಕೆ ಮುಂಚೆಯೇ ಒಬ್ಬ ಐಸ್‌ಲ್ಯಾಂಡ್ ಕವಿ ವರ್ಣಿಸಿದ್ದನು. ಬೇರು ಹಳೆಯದು, ಆದರೆ ನಮ್ಮ ಕೈಗೆ ಬಂದ ರೂಪವನ್ನು ತಿದ್ದಿದವನು ಕ್ರೈಸ್ತ.

ಶಿಲುಬೆಯ ಗುರುತು, ಸುತ್ತಿಗೆಯ ಗುರುತು

1230ರ ಸುಮಾರಿಗೆ ಸ್ನೋರಿ ನಾರ್ವೆಯ ರಾಜರ ಚರಿತ್ರೆಯಾದ ಹೈಮ್ಸ್‌ಕ್ರಿಂಗ್ಲವನ್ನು ಬರೆದನು. ಅದರ ಸುಮಾರು ಮೂರನೆಯ ಒಂದು ಭಾಗ 1030ರಲ್ಲಿ ಸ್ಟಿಕ್ಲೆಸ್ಟಾಡ್ ಕದನದಲ್ಲಿ ಮಡಿದ ಸಂತ ಓಲಾವರಿಗೆ ಮೀಸಲು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದ ಪ್ರಸಂಗ, ಹತ್ತನೆಯ ಶತಮಾನದ ರಾಜ ಹಾಕೊನ್‌ನದು. ಸತ್ಪುರುಷನೆಂದು ಹೆಸರಾದ ಈತ ಇಂಗ್ಲೆಂಡಿನ ದೊರೆ ಎಥೆಲ್‌ಸ್ಟನ್‌ನ ಆಸ್ಥಾನದಲ್ಲಿ ಕ್ರೈಸ್ತನಾಗಿ ಬೆಳೆದವನು. ಊರಿಗೆ ಮರಳಿ ರಾಜನಾದಾಗ, ಹಳೆಯ ಮತದ ರೈತರು ಬಲಿಯ ಔತಣಕ್ಕೆ ಅವನನ್ನು ಒತ್ತಾಯದಿಂದ ಕರೆತಂದರು. ಓಡಿನ್‌ನ ಹೆಸರಿನಲ್ಲಿ ಪಾನದ ಕೊಂಬನ್ನು ಕೈಗಿತ್ತಾಗ ರಾಜನು ಅದರ ಮೇಲೆ ಶಿಲುಬೆಯ ಗುರುತು ಮಾಡಿದನು. ಜನರು ಸಿಟ್ಟಾದರು. ಆಗ ಅವನ ಹಿತೈಷಿ ಸಿಗುರ್ಡ್ ಪ್ರಭು, ಅದು ಶಿಲುಬೆಯಲ್ಲ, ಥಾರ್‌ನ ಸುತ್ತಿಗೆಯ ಗುರುತು ಎಂದು ಹೇಳಿ ಗಲಭೆಯನ್ನು ಶಮನಗೊಳಿಸಿದನು. ಎರಡು ಧರ್ಮಗಳು ಎಷ್ಟು ಹತ್ತಿರ ಬಾಳುತ್ತಿದ್ದವೆಂಬುದಕ್ಕೆ ಭೂಮಿಯೊಳಗೂ ಸಾಕ್ಷ್ಯ ದೊರೆತಿದೆ. ಡೆನ್ಮಾರ್ಕಿನಲ್ಲಿ ಸಿಕ್ಕಿದ ಒಂದು ಕಲ್ಲಿನ ಅಚ್ಚಿನಲ್ಲಿ ಶಿಲುಬೆಯ ಪದಕಗಳನ್ನೂ ಥಾರ್‌ನ ಸುತ್ತಿಗೆಯ ಪದಕವನ್ನೂ ಒಟ್ಟಿಗೆ ಎರಕ ಹೊಯ್ಯುವಂತೆ ಕೆತ್ತಲಾಗಿದೆ.

ಅದೇ ಅಧ್ಯಾಯದಲ್ಲಿ ಸ್ನೋರಿ ಬಲಿಯ ವಿಧಿಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಬಲಿಯ ರಕ್ತವನ್ನು ಪಾತ್ರೆಯಲ್ಲಿ ಹಿಡಿದು, ಕಡ್ಡಿಗಳ ಕುಂಚದಿಂದ ಗೋಡೆಗಳ ಮೇಲೂ ಜನರ ಮೇಲೂ ಚಿಮುಕಿಸುತ್ತಿದ್ದರಂತೆ. ದೇವಾಲಯದಲ್ಲಿ ಪವಿತ್ರ ಜಲ ಚಿಮುಕಿಸುವುದನ್ನು ಕಂಡವನೂ, ಹಳೆಯ ಒಡಂಬಡಿಕೆಯ ಬಲಿವಿಧಿಗಳನ್ನು ಕೇಳಿದವನೂ ಆದ ಸ್ನೋರಿ, ತಾನು ನೋಡಿರದ ವಿಧಿಯನ್ನು ಈ ಮಾದರಿಯಲ್ಲಿ ಕಲ್ಪಿಸಿಕೊಂಡಿರಬಹುದೆಂದು ಕೆಲವು ಸಂಶೋಧಕರ ಅಭಿಪ್ರಾಯ.

ನೆಲಮಾಳಿಗೆಯಲ್ಲಿ ಅಂತ್ಯ

ಲೇಖನಿಯಲ್ಲಿ ಇಷ್ಟು ವಿವೇಕಿಯಾಗಿದ್ದವನು ಬಾಳಿನಲ್ಲಿ ಹಾಗಿರಲಿಲ್ಲ. ಅಣ್ಣ ಸಿಗ್‌ವಾತ್ ಮತ್ತು ಅಣ್ಣನ ಮಗ ಸ್ಟುರ್ಲನೊಡನೆಯೇ ಅಧಿಕಾರಕ್ಕಾಗಿ ಕಾದಾಡಿದನು. 1237ರಲ್ಲಿ ಮತ್ತೆ ನಾರ್ವೆಗೆ ಹೋಗಿದ್ದಾಗ, 1238ರ ಆಗಸ್ಟ್ 21ರಂದು ಓರ್ಲಿಗ್ಸ್‌ಸ್ಟಾಡಿರ್ ಕದನದಲ್ಲಿ ಅಣ್ಣನೂ ಅವನ ಮಗನೂ ಹತರಾದ ಸುದ್ದಿ ಬಂದಿತು. ಕೊಂದ ಪಕ್ಷದ ಮುಖಂಡರಲ್ಲೊಬ್ಬ ಗಿಸ್ಸುರ್ ಥೋರ್ವಾಲ್ಡ್ಸನ್; ಹಿಂದೆ ಸ್ನೋರಿಯ ಮಗಳು ಇಂಗಿಬ್ಯೋರ್ಗ್‌ಳನ್ನು ಮದುವೆಯಾಗಿ, ಅನಂತರ ಬೇರ್ಪಟ್ಟ ಅಳಿಯ. ರಾಜ ಹಾಕೊನ್‌ಗೂ ಸ್ಕೂಲಿಗೂ ಆಗ ವೈಮನಸ್ಯ ಬೆಳೆದಿತ್ತು. ಸ್ಕೂಲಿಯ ಗೆಳೆಯನಾದ ಸ್ನೋರಿ, ರಾಜನ ನಿಷೇಧವನ್ನು ಮೀರಿ 1239ರಲ್ಲಿ ಹಡಗೇರಿ ಊರಿಗೆ ಮರಳಿದನು. ಮರುವರ್ಷ ದಂಗೆಯೆದ್ದ ಸ್ಕೂಲಿ ಹತನಾದನು. ಸ್ನೋರಿಯನ್ನು ನಾರ್ವೆಗೆ ಕಳುಹಿಸಬೇಕು, ಇಲ್ಲವೇ ಕೊಲ್ಲಬೇಕು ಎಂಬ ರಾಜಾಜ್ಞೆ ಗಿಸ್ಸುರ್‌ನ ಕೈ ಸೇರಿತು.

1241ರ ಬೇಸಿಗೆಯಲ್ಲಿ ಹಾಲ್ವೇಗ್ ತೀರಿಕೊಂಡಳು. ಅವಳ ಮೊದಲ ಮದುವೆಯ ಮಕ್ಕಳು ಪಾಲು ಕೇಳಿದಾಗ ಸ್ನೋರಿ ಪೂರ್ಣ ನ್ಯಾಯ ಒದಗಿಸಲಿಲ್ಲ. ಅವರು ದೂರು ಹೊತ್ತು ಹೋದದ್ದು ತಮ್ಮ ಚಿಕ್ಕಪ್ಪ ಗಿಸ್ಸುರ್‌ನ ಬಳಿಗೆ. ಅಪಾಯದ ಮುನ್ಸೂಚನೆ ನೀಡುವ ಪತ್ರವೊಂದು ಸ್ನೋರಿಗೆ ಬಂದಿತ್ತಾದರೂ ಅದು ಗೂಢ ರೂನ್ ಲಿಪಿಯಲ್ಲಿತ್ತು, ಓದಲು ಆಗಲಿಲ್ಲ. ಹಳೆಯ ಅಕ್ಷರ, ಹಳೆಯ ಕಥೆಗಳಲ್ಲಿ ಪಾರಂಗತನಾದವನ ಪಾಲಿಗೆ ಇದಕ್ಕಿಂತ ಕಠೋರವಾದ ವಿಧಿವಿಲಾಸ ಉಂಟೇ?

ಸೆಪ್ಟೆಂಬರ್ 23ರ ರಾತ್ರಿ ಗಿಸ್ಸುರ್ ಸುಮಾರು 70 ಮಂದಿಯೊಡನೆ ರೇಕ್‌ಹೋಲ್ಟ್‌ಗೆ ನುಗ್ಗಿದನು. ಸ್ನೋರಿ ಹಾಸಿಗೆಯಿಂದೆದ್ದು ಓಡಿ, ಯಾಜಕ ಆರ್ನ್‌ಬ್ಯೋರ್ನ್‌ನ ಸಲಹೆಯಂತೆ ನೆಲಮಾಳಿಗೆಯಲ್ಲಿ ಅವಿತುಕೊಂಡನು. ಗಿಸ್ಸುರ್ ಯಾಜಕನನ್ನು ವಿಚಾರಿಸಿದನು. ಪ್ರಾಣಕ್ಕೆ ಅಭಯವಿತ್ತರೆ ಆತ ಸಿಗಬಹುದೆಂದು ಯಾಜಕನು ಉತ್ತರಿಸಿದನು. ಅಡಗುದಾಣ ಬಯಲಾಯಿತು, ಅಭಯ ಸಿಗಲಿಲ್ಲ. ಐವರು ಕೆಳಗಿಳಿದರು. ಕಡಿಯಬೇಡಿರೆಂದು ಸ್ನೋರಿ ಬೇಡಿಕೊಂಡರೂ ಕೇಳಲಿಲ್ಲ. 62 ವರ್ಷದ ಆ ಕವಿ, ಕಾನೂನುಜ್ಞ, ಇತಿಹಾಸಕಾರ ಕತ್ತಲೆಯಲ್ಲಿ ಕೊಡಲಿಗೆ ಬಲಿಯಾದನು. ಅವನು ಕೊಟ್ಟು ನಡೆಸದ ವಚನವನ್ನು ಕಾಲವೇ ನಡೆಸಿತು. 1262ರಿಂದ 1264ರೊಳಗೆ ಐಸ್‌ಲ್ಯಾಂಡ್ ನಾರ್ವೆಯ ರಾಜನಿಗೆ ಅಧೀನವಾಯಿತು.

ಮರಳಿ ಬಂದ ಓಡಿನ್

ಏಳು ಶತಮಾನಗಳು ಉರುಳಿದವು. 1972ರ ಏಪ್ರಿಲ್‌ನಲ್ಲಿ, ಐಸ್‌ಲ್ಯಾಂಡಿನ ಪಂಚಾಂಗದ ಬೇಸಿಗೆಯ ಮೊದಲ ದಿನದಂದು, ಕುರಿಗಾಹಿ ರೈತನೂ ಕವಿಯೂ ಆಗಿದ್ದ ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್ ಮತ್ತು ಸಂಗಡಿಗರು ಹಳೆಯ ದೇವತೆಗಳ ಆರಾಧನೆಗಾಗಿ ಒಂದು ಸಂಘವನ್ನು ಕಟ್ಟಿದರು. 1973ರಲ್ಲಿ ಸರಕಾರ ಅದಕ್ಕೆ ಮಾನ್ಯತೆ ನೀಡಿತು. ಸ್ವೇನ್‌ಬ್ಯೋರ್ನ್ 1993ರಲ್ಲಿ ನಿಧನರಾದರು. ಆ ಸಂಘದ ಸದಸ್ಯರ ಸಂಖ್ಯೆ ಈಗ 5 ಸಾವಿರವನ್ನು ಮೀರಿದೆ. ಅವರು ಪ್ರಾಣಿಬಲಿ ಕೊಡುವುದಿಲ್ಲ. ಒಟ್ಟಿಗೆ ಸೇರಿ, ಪಾನದ ಕೊಂಬನ್ನು ಕೈಯಿಂದ ಕೈಗೆ ದಾಟಿಸಿ, ದೇವತೆಗಳನ್ನೂ ಪೂರ್ವಿಕರನ್ನೂ ಸ್ಮರಿಸಿ ಊಟ ಮಾಡುತ್ತಾರೆ. ಓಡಿನ್‌ನ ಹೆಸರನ್ನು ಜನಾಂಗದ್ವೇಷಕ್ಕೆ ಬಳಸುವ ಗುಂಪುಗಳಿಂದ ಈ ಸಂಘ ದೂರ ನಿಂತಿದೆಯೆಂಬುದನ್ನೂ ಹೇಳಬೇಕು.

ಆದರೆ ಗಮನಿಸಿದರೆ, ಅವರ ಆಚರಣೆಯ ಚೌಕಟ್ಟು ಎಲ್ಲಿಂದ ಬಂದಿತು? ನಾಮಕರಣ, ಹದಿಹರೆಯದವರ ದೀಕ್ಷೆ, ವಿವಾಹ, ಶವಸಂಸ್ಕಾರ ಎಂಬ ಸರಣಿ ಕ್ರೈಸ್ತ ದೇವಾಲಯಗಳ ಸಂಸ್ಕಾರಗಳ ಸಾಲನ್ನೇ ನೆನಪಿಸುತ್ತದೆ. ಸದಸ್ಯರ ಲೆಕ್ಕದಲ್ಲಿ ಸರಕಾರದಿಂದ ಹಣ ಪಡೆಯುವ ಏರ್ಪಾಡು ಕ್ರೈಸ್ತ ಸಭೆಗಳಿಗೂ ಅವರಿಗೂ ಒಂದೇ. ಅಮೆರಿಕ ಮೊದಲಾದ ದೇಶಗಳ ಕೆಲವು ಗುಂಪುಗಳವರು ಹಣೆ, ಎದೆ, ಭುಜಗಳನ್ನು ಮುಟ್ಟಿಕೊಂಡು ಸುತ್ತಿಗೆಯ ಗುರುತು ಮಾಡಿಕೊಳ್ಳುತ್ತಾರೆ. ಅಂದು ಸಿಗುರ್ಡ್ ಪ್ರಭು ರಾಜನ ಶಿಲುಬೆಯ ಗುರುತನ್ನು ಮರೆಮಾಚಲು ಹೇಳಿದ ಮಾತು ಇಂದು ವಿಧಿಯಾಗಿದೆ. ಕೊಂಬಿನ ಪಾನದ ಕ್ರಮಕ್ಕೂ ದೇವತೆಗಳ ಕಥೆಗಳಿಗೂ ಅವರು ತಿರುಗಿನೋಡುವುದು ಬಹುಮಟ್ಟಿಗೆ ಸ್ನೋರಿಯ ಪುಟಗಳನ್ನೇ. ಧರ್ಮಸಭೆಗಿಂತ ಹಿಂದಿನ ಕಾಲಕ್ಕೆ ಹೋಗಬೇಕೆಂದು ಹೊರಟವರಿಗೂ ದಾರಿ ತೋರುವ ದೀಪವನ್ನು ಹಚ್ಚಿಟ್ಟವನು ಜ್ಞಾನಸ್ನಾನ ಪಡೆದ ಒಬ್ಬ ಕ್ರೈಸ್ತ.

ಇದನ್ನು ಹೇಳುವುದು ಅವರನ್ನು ಹಳಿಯುವುದಕ್ಕಲ್ಲ. ಹೆಮ್ಮೆ ಪಡುವುದಕ್ಕೂ ಅಲ್ಲ. ಯಾವ ಧರ್ಮವೂ ನೆರೆಹೊರೆಯ ಗಾಳಿ ಸೋಕದೆ ಬೆಳೆದದ್ದಿಲ್ಲ. ಸಂತ ಯೋನ್ ಅವರು ವಾರದ ಹೆಸರುಗಳನ್ನು ಬದಲಾಯಿಸಿದರು. ಸ್ನೋರಿ ಆ ಹೆಸರುಗಳ ಹಿಂದಿನ ಕಥೆಗಳನ್ನು ಬರೆದಿಟ್ಟನು. ಇಬ್ಬರೂ ಒಂದೇ ವಿಶ್ವಾಸವನ್ನು ಒಪ್ಪಿಕೊಂಡವರು. ತನ್ನ ವಿಶ್ವಾಸ ಯಾವುದೆಂದು ಖಚಿತವಾಗಿ ತಿಳಿದವನು ಪರರ ಕಥೆಯನ್ನು ಸುಡಬೇಕಾಗಿಲ್ಲ, ಅದಕ್ಕೆ ಅಂಜಬೇಕಾಗಿಯೂ ಇಲ್ಲ, ಪ್ರೀತಿಯಿಂದ ಬರೆದಿಡಬಲ್ಲನು. ಇದು ಸ್ನೋರಿಯ ಬರಹ ನಮಗೆ ಕಲಿಸುವ ಪಾಠ. ಅವನ ಬಾಳಿನ ಪಾಠ ಬೇರೆ. ಸತ್ತ ದೇವತೆಗಳ ಮೋಸ, ವೈರ, ವಿನಾಶಗಳನ್ನು ಅಷ್ಟು ಚೆನ್ನಾಗಿ ಬಣ್ಣಿಸಿದವನು, ಪ್ರಭು ಯೇಸು ಬೋಧಿಸಿದ ಕ್ಷಮೆಯನ್ನೂ ಸಂಯಮವನ್ನೂ ಸ್ವಂತ ಮನೆಯೊಳಗೆ ತರಲಾರದೆ ಹೋದನು. ಅಣ್ಣನೊಡನೆ, ಅಳಿಯನೊಡನೆ, ಮಡದಿಯ ಮಕ್ಕಳೊಡನೆ ಸಕಾಲದಲ್ಲಿ ರಾಜಿಯಾಗಿದ್ದರೆ ಆ ನೆಲಮಾಳಿಗೆಯ ರಾತ್ರಿ ಬರುತ್ತಿರಲಿಲ್ಲವೇನೋ.

ರೇಕ್‌ಹೋಲ್ಟ್‌ನಲ್ಲಿ ಸ್ನೋರಿಯ ಹೆಸರಿನ ದುಂಡನೆಯ ಕಲ್ಲಿನ ಕೊಳವೊಂದು ಇಂದಿಗೂ ಇದೆ. ನೆಲದಾಳದ ಬಿಸಿನೀರು ಅದಕ್ಕೆ ಹರಿದುಬರುತ್ತದೆ. ಅವನ ಮನೆಯೂ ಸಂಪತ್ತೂ ಉಳಿಯಲಿಲ್ಲ. ಉಳಿದದ್ದು ಆ ನೀರು ಮತ್ತು ಅವನು ಬರೆದ ಪುಟಗಳು.